ಯಾವ ಗೇಮ್ ಕನ್ಸೋಲ್ ಆಟದ ಲೋಕವನ್ನು ಜಾಸ್ತಿ ಬದಲಿಸಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಭಾವ ಅಂದರೆ ಜಾಸ್ತಿ ಮಾರಾಟ ಅಂತ ತಾನೇ? ಲೆಕ್ಕ ನೋಡಿದರೆ ಮುಗಿಯಿತು ಅಲ್ವಾ?

ಮುಗಿಯೋಲ್ಲ. ಕನ್ಸೋಲ್ ಅಂದರೆ ವಿಡಿಯೋ ಗೇಮ್ ಆಡಿಸುವ ಯಂತ್ರ. ಮಾರಾಟದ ಲೆಕ್ಕ ನೋಡಿದರೆ ಸೋನಿಯ ಪ್ಲೇಸ್ಟೇಷನ್ 2 ಗೆಲ್ಲುತ್ತದೆ. 2000ದಲ್ಲಿ ಬಂತು, 16 ಕೋಟಿಗೂ ಜಾಸ್ತಿ ಹೋಯಿತು. ಆದರೆ ಅದು ಹೊಸದಾಗಿ ಏನು ಕಲಿಸಿತು ಎಂದು ಕೇಳಿದರೆ ಅದರ ಅಭಿಮಾನಿಗಳೂ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುತ್ತಾರೆ.

ನಾನು ನೋಡುವುದು ಒಂದೇ ವಿಷಯ. ಆಮೇಲೆ ಬಂದವರು ಯಾವುದನ್ನು ಕದ್ದರು? ಎದುರಾಳಿ ಕಂಪನಿ ಕೂಡ ಹಲ್ಲು ಕಚ್ಚಿಕೊಂಡು ಯಾವುದನ್ನು ನಕಲು ಮಾಡಬೇಕಾಯಿತು? ಅದು ಪ್ರಭಾವ. ಉಳಿದದ್ದು ವ್ಯಾಪಾರ.

ಹಾಗಾದರೆ ಮೊಟ್ಟಮೊದಲ ಕನ್ಸೋಲ್‌ಗೇ ಪಟ್ಟ ಕಟ್ಟಬಹುದಲ್ಲ?

ಮೊದಲನೆಯದು ಮ್ಯಾಗ್ನವಾಕ್ಸ್ ಒಡಿಸ್ಸಿ, 1972, ಅಮೆರಿಕ. ಮಾಡಿದವರು ರಾಲ್ಫ್ ಬೇರ್. ಅದರಲ್ಲಿ ಪ್ರೊಸೆಸರ್ ಇರಲಿಲ್ಲ, ಶಬ್ದ ಇರಲಿಲ್ಲ, ಬಣ್ಣವೂ ಇರಲಿಲ್ಲ. ಪರದೆ ಮೇಲೆ ಕೆಲವು ಬಿಳಿ ಚುಕ್ಕಿ, ಒಂದು ಗೆರೆ, ಅಷ್ಟೆ. ಮೈದಾನ ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಿಕೊಳ್ಳಬೇಕು. ಅಂಕ ನೀವೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ಡಬ್ಬದಲ್ಲಿ ದಾಳ, ಆಟದ ದುಡ್ಡು ಕೂಡ ಕೊಡುತ್ತಿದ್ದರು. ಅರ್ಧ ವಿಡಿಯೋ ಗೇಮ್, ಅರ್ಧ ಹಾವು ಏಣಿ.

ಅದರ ಟೆನಿಸ್ ಆಟ ನೋಡಿ ಬಂದ ಮೇಲೆಯೇ ಅಟಾರಿ ಕಂಪನಿಯ ನೋಲನ್ ಬುಶ್ನೆಲ್ 'ಪಾಂಗ್' ಎಂಬ ಆಟ ಮಾಡಿಸಿದ್ದು. ಮ್ಯಾಗ್ನವಾಕ್ಸ್‌ನವರು ಕೋರ್ಟು ಮೆಟ್ಟಿಲೂ ಹತ್ತಿದರು, 1976ರಲ್ಲಿ ರಾಜಿಯಾಯಿತು. ಟಿವಿಯನ್ನು ಸುಮ್ನೆ ನೋಡುವುದಲ್ಲ, ಆಡಲೂಬಹುದು ಎಂಬ ಯೋಚನೆ ಬೇರ್ ಅವರದ್ದೇ. ಆದರೆ ಆ ಪೆಟ್ಟಿಗೆಯೊಳಗಿನ ಯಾವ ತಂತ್ರವನ್ನೂ ಆಮೇಲೆ ಯಾರೂ ಇಟ್ಟುಕೊಳ್ಳಲಿಲ್ಲ. ಹಾಗಾಗಿ ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

'ಕ್ಯಾಸೆಟ್' ಹಾಕಿ ಆಡುವ ಪದ್ಧತಿ ಯಾರದ್ದು?

ನಾವು ಕ್ಯಾಸೆಟ್ ಎನ್ನುತ್ತಿದ್ದದ್ದು ನಿಜಕ್ಕೂ ಕಾರ್ಟ್ರಿಡ್ಜ್. ಒಳಗೆ ಟೇಪೂ ಇಲ್ಲ, ಸುತ್ತುವುದೂ ಇಲ್ಲ, ಒಂದು ಚಿಪ್ ಮಾತ್ರ. ಆದರೂ ಕ್ಯಾಸೆಟ್ ಅಂತಲೇ ಬರೆಯುತ್ತೇನೆ, ಕೈ ಬೇರೆ ಬರೆಯೋಲ್ಲ.

ಆಟದ ಪ್ರೋಗ್ರಾಂ ಇರುವ ಚಿಪ್ಪನ್ನು ಬೇರೆ ಬೇರೆ ಕ್ಯಾಸೆಟ್‌ನಲ್ಲಿಟ್ಟು ಮಾರಿದ ಮೊದಲ ಕನ್ಸೋಲ್ ಫೇರ್‌ಚೈಲ್ಡ್ ಚಾನೆಲ್ ಎಫ್, 1976. ಅದರ ಹಿಂದಿದ್ದ ತಂಡವನ್ನು ನಡೆಸಿದವರು ಜೆರ್ರಿ ಲಾಸನ್ ಎಂಬ ಕಪ್ಪು ಅಮೆರಿಕನ್ ಎಂಜಿನಿಯರ್. ಮಕ್ಕಳು ದಿನಕ್ಕೆ ಹತ್ತು ಸಲ ಎಳೆದು ಚುಚ್ಚಿದರೂ ಹಾಳಾಗದಂಥ ಕನೆಕ್ಷನ್ ಮಾಡುವುದು ಆಗ ದೊಡ್ಡ ತಲೆನೋವು. ಅದನ್ನು ಅವರು ಬಿಡಿಸಿದರು. ಮಾರಾಟದಲ್ಲಿ ಚಾನೆಲ್ ಎಫ್ ಎದ್ದು ನಿಲ್ಲಲಿಲ್ಲ, ಅದರ ಉಪಾಯವನ್ನು ಮಾತ್ರ ಮುಂದಿನ 20 ವರ್ಷ ಎಲ್ಲರೂ ಎತ್ತಿಕೊಂಡರು. ನನ್ನ ಅಳತೆಯಲ್ಲಿ ಇದು ಪ್ಲೇಸ್ಟೇಷನ್ 2ಗಿಂತ ಮೇಲೆ. ಈ ಮಾತಿಗೆ ಬೈಸಿಕೊಂಡಿದ್ದೇನೆ, ಪರವಾಗಿಲ್ಲ.

ಅಟಾರಿ 2600 ಬಗ್ಗೆ ಅಷ್ಟೊಂದು ಹೇಳುತ್ತಾರಲ್ಲ, ಏನಿತ್ತು ಅದರಲ್ಲಿ?

ಏನೂ ಇರಲಿಲ್ಲ, ಅದೇ ಮಜಾ. 1977ರಲ್ಲಿ ಬಂದ ಆ ಯಂತ್ರದ ನೆನಪಿನ ಶಕ್ತಿ 128 ಬೈಟ್. ಕೆಬಿ ಅಲ್ಲ, ಬರೀ ಬೈಟ್. ಇವತ್ತಿನ ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಕ್ಕೋ ಕೊಂಬಿಗೋ ತಲಾ 3 ಬೈಟ್, ಒತ್ತಿಗೆ 6 ಬೈಟ್ ಬೇಕು. 'ಪದೇ ಪದೇ ಕೇಳುವ ಪ್ರಶ್ನೆಗಳು' ಎಂಬ ನಾಲ್ಕು ಪದಕ್ಕೇ 66 ಬೈಟ್ ಆಯಿತು. ಅಂದರೆ ಅಟಾರಿಯ ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿಹೋಯಿತು!

ಇಡೀ ಚಿತ್ರವನ್ನು ಇಟ್ಟುಕೊಳ್ಳುವಷ್ಟು ಜಾಗ ಇಲ್ಲದ ಕಾರಣ ಪ್ರೋಗ್ರಾಂ ಬರೆಯುವವರು ಟಿವಿಯ ಒಂದೊಂದು ಗೆರೆಯನ್ನೂ ಅದು ಮೂಡುವ ಹೊತ್ತಿಗೆ ಸರಿಯಾಗಿ ಬರೆಸಬೇಕಿತ್ತು. ದೋಸೆ ಹುಯ್ಯುತ್ತಾ ಹುಯ್ಯುತ್ತಾ ಹಿಟ್ಟು ರುಬ್ಬಿದಂತೆ.

ಆದರೆ ಅಟಾರಿಯ ನಿಜವಾದ ಪ್ರಭಾವ ಚಿಪ್ಪಿನಲ್ಲಿಲ್ಲ, ಜಗಳದಲ್ಲಿದೆ. ಅಲ್ಲಿ ಆಟ ಬರೆದವರ ಹೆಸರನ್ನು ಡಬ್ಬದ ಮೇಲೆ ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ ಸಿಟ್ಟಿಗೆ ತನ್ನ 'ಅಡ್ವೆಂಚರ್' ಆಟದಲ್ಲಿ ಒಂದು ಗುಟ್ಟಿನ ಕೋಣೆ ಮಾಡಿ ಹೆಸರು ಬರೆದಿಟ್ಟ. ಇನ್ನು ಕೆಲವರು 1979ರಲ್ಲಿ ಕೆಲಸ ಬಿಟ್ಟು ಆಕ್ಟಿವಿಷನ್ ಎಂಬ ಸ್ವಂತ ಆಟದ ಕಂಪನಿ ಕಟ್ಟಿದರು. ಯಂತ್ರ ಒಬ್ಬರದ್ದು, ಆಟ ಇನ್ನೊಬ್ಬರದ್ದು ಎಂಬ ಇವತ್ತಿನ ಏರ್ಪಾಡು ಶುರುವಾದದ್ದು ಅಲ್ಲಿಂದ.

1983ರಲ್ಲಿ ಎಲ್ಲ ಮುಳುಗಿತು ಅನ್ನುತ್ತಾರೆ. ನಿಜವಾ?

ಅಮೆರಿಕದಲ್ಲಿ ನಿಜ. ಯಾರು ಬೇಕಾದರೂ ಅಟಾರಿಗೆ ಕ್ಯಾಸೆಟ್ ಮಾಡಬಹುದು ಎಂದಾದ ಮೇಲೆ ಕಸದಂಥ ಆಟಗಳು ಅಂಗಡಿ ತುಂಬಿದವು, ಜನ ಕೈಬಿಟ್ಟರು. ಐದೇ ವಾರದಲ್ಲಿ ಮಾಡಿದ 'ಇ.ಟಿ.' ಆಟದ ಮೇಲೆ ಎಲ್ಲ ಪಾಪ ಹೊರಿಸುತ್ತಾರೆ, ಅದು ಅನ್ಯಾಯ. ಮಾರಾಟವಾಗದ ಸರಕನ್ನು ಅಟಾರಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತದ್ದು ಮಾತ್ರ ಕಟ್ಟುಕತೆಯಲ್ಲ, 2014ರಲ್ಲಿ ಅಗೆದು ತೆಗೆದರು.

ಜಪಾನಿನಲ್ಲಿ ಅದೇ 1983ರ ಜುಲೈ 15ರಂದು ಒಂದು ಕೆಂಪು ಬಿಳಿ ಪೆಟ್ಟಿಗೆ ಅಂಗಡಿಗೆ ಬಂತು.

ಫ್ಯಾಮಿಕಾಮ್, ಎನ್‌ಇಎಸ್ ಎರಡೂ ಒಂದೇನಾ? ಅದನ್ನೇ ಯಾಕೆ ತಲೆ ಮೇಲೆ ಹೊತ್ತುಕೊಳ್ಳುತ್ತೀರಿ?

ಒಡಲು ಒಂದೇ, ಅಂಗಿ ಬೇರೆ. ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಮಸಾಯುಕಿ ಉಎಮುರಾ ತಂಡ ಮಾಡಿದ್ದು ಫ್ಯಾಮಿಕಾಮ್. 1985ರಲ್ಲಿ ಅಮೆರಿಕಕ್ಕೆ ಹೋಗುವಾಗ ಅದನ್ನೇ ಬೂದು ಬಣ್ಣದ ದೊಡ್ಡ ಡಬ್ಬದಲ್ಲಿಟ್ಟು ಎನ್‌ಇಎಸ್ ಎಂದು ಕರೆದರು. 'ವಿಡಿಯೋ ಗೇಮ್' ಎಂದರೆ ಅಂಗಡಿಯವರು ಬಾಗಿಲು ಹಾಕುತ್ತಿದ್ದ ಕಾಲ. ಹಾಗಾಗಿ ಜೊತೆಗೆ ರಾಬ್ ಎಂಬ ಪುಟ್ಟ ರೋಬೋ ಕೊಟ್ಟು ಇದು ಆಟಿಕೆ ಎಂದು ನಂಬಿಸಿದರು. ರಾಬ್‌ಗೆ ಬಂದದ್ದು ಎರಡೇ ಆಟ. ಪಾಪ, ಬಾಗಿಲು ತೆಗೆಸುವುದಷ್ಟೇ ಅದರ ಕೆಲಸವಾಗಿತ್ತು.

ನನ್ನ ಪಟ್ಟಿಯಲ್ಲಿ ಇದು ಮೊದಲು. ಮೊದಲ ಕಾರಣ ನಿಮ್ಮ ಎಡಗೈ ಹೆಬ್ಬೆರಳು. ಈಗ ಮನೆಯಲ್ಲಿರುವ ಯಾವುದೇ ಕಂಪನಿಯ ಕಂಟ್ರೋಲರ್ ಎತ್ತಿ ನೋಡಿ. ಎಡಗಡೆ ಪ್ಲಸ್ ಆಕಾರದ ಗುಂಡಿ ಇರುತ್ತದೆ. ನಿಂಟೆಂಡೊದ ಎಂಜಿನಿಯರ್ ಗುನ್ಪೇ ಯೊಕೊಯಿ ಅದನ್ನು 1982ರ 'ಡಾಂಕಿ ಕಾಂಗ್' ಆಟದ, ಗೇಮ್ ಅಂಡ್ ವಾಚ್ ಎಂಬ ಪುಟ್ಟ ಕೈ ಯಂತ್ರಕ್ಕಾಗಿ ಮಾಡಿದ್ದರು. ಫ್ಯಾಮಿಕಾಮ್ ಅದನ್ನು ಮನೆ ಮನೆಗೆ ತಂದಿತು. ಅದಕ್ಕೆ ಮೊದಲು ಕೋಲು ಹಿಡಿದು ಅಲ್ಲಾಡಿಸಬೇಕಿತ್ತು. ಎಡಗಡೆ ದಿಕ್ಕು, ಬಲಗಡೆ ಕೆಲಸ: ಈ ಹಂಚಿಕೆ ಇವತ್ತಿಗೂ ಬದಲಾಗಿಲ್ಲ.

ಎರಡನೆಯದು ಅಷ್ಟು ಸಿಹಿಯಲ್ಲ. ಅಟಾರಿಗಾದ ಗತಿ ನೋಡಿದ್ದ ನಿಂಟೆಂಡೊ ಎನ್‌ಇಎಸ್ ಒಳಗೆ ಒಂದು ಬೀಗದ ಚಿಪ್ ಇಟ್ಟಿತು. ಕ್ಯಾಸೆಟ್‌ನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಆಟ ಶುರುವೇ ಆಗೋಲ್ಲ. ಆಟ ಮಾಡಬೇಕೆಂದರೆ ನಿಂಟೆಂಡೊ ಅನುಮತಿ ಬೇಕು, ಕ್ಯಾಸೆಟ್ ಅವರ ಕೈಯಲ್ಲೇ ಮಾಡಿಸಬೇಕು, ವರ್ಷಕ್ಕೆ ಐದಕ್ಕಿಂತ ಜಾಸ್ತಿ ಆಟ ತರುವ ಹಾಗಿಲ್ಲ. ಕೊನಾಮಿ ಕಂಪನಿ ಈ ಮಿತಿ ದಾಟೋಕೆ ಅಲ್ಟ್ರಾ ಎಂಬ ಇನ್ನೊಂದು ಹೆಸರೇ ಹುಟ್ಟುಹಾಕಿತು. ಇವತ್ತು ಫೋನಿನ ಆಪ್ ಅಂಗಡಿಗಳಲ್ಲಿ ಆಪ್ ಇಡಲು ಅನುಮತಿ, ಪಾಲು, ನಿಯಮ ಅಂತ ಇದೆಯಲ್ಲ, ಅದರ ಅಜ್ಜ ಈ ಬೀಗದ ಚಿಪ್.

ನಾವು 90ರ ದಶಕದಲ್ಲಿ ಆಡಿದ ಟಿವಿ ಗೇಮ್ ಯಾವ ಕನ್ಸೋಲ್?

ಹೆಸರು ಏನೇ ಇದ್ದಿರಲಿ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡಿದ್ದರೆ ಅದು ಬಹುತೇಕ ಫ್ಯಾಮಿಕಾಮ್‌ನ ನಕಲು. ಮೇಲೆ ಹೇಳಿದ ಬೀಗ ಜಪಾನಿನ ಹೊರಗೆ ಮಾರಿದ ಎನ್‌ಇಎಸ್‌ನಲ್ಲಿ ಮಾತ್ರ ಇತ್ತು. ಜಪಾನಿನ ಫ್ಯಾಮಿಕಾಮ್‌ಗೆ ಬೀಗವೇ ಇರಲಿಲ್ಲ. ಹಾಗಾಗಿ ತೈವಾನ್, ಚೀನಾದವರು ಅದನ್ನು ಸಲೀಸಾಗಿ ನಕಲು ಮಾಡಿದರು. ರಷ್ಯಾದಲ್ಲಿ ಅದೇ 'ಡೆಂಡಿ' ಆಯಿತು. ನಮ್ಮಲ್ಲಿ ಜಾತ್ರೆ, ಗಿಫ್ಟ್ ಸೆಂಟರ್, ಎಲೆಕ್ಟ್ರಾನಿಕ್ಸ್ ಅಂಗಡಿ ಎಲ್ಲ ಕಡೆ ಬಂತು.

ನಮ್ಮದು ತಿಪಟೂರಿನಲ್ಲಿ ಬೇಸಿಗೆ ರಜೆಗೆ ಬಂದದ್ದು. ಕೈಗೆ ಹಗುರ, ಒಳಗೆ ಏನೂ ಇಲ್ಲವೇನೋ ಅನ್ನಿಸುವಷ್ಟು. ಅಡಾಪ್ಟರ್ ಮಾತ್ರ ಅರ್ಧ ಗಂಟೆಗೆ ಇಸ್ತ್ರಿಪೆಟ್ಟಿಗೆಯಂತೆ ಬಿಸಿ. ಟಿವಿಯ ಪುಟ್ಟ ಬಾಗಿಲು ತೆಗೆದು ಟ್ಯೂನಿಂಗ್ ತಿರುಪು ತಿರುಗಿಸುತ್ತಾ ಹೋದರೆ ಗರಗರ ಅಂತಿದ್ದ ಪರದೆಯಲ್ಲಿ ಒಮ್ಮೆಲೇ ಸಂಗೀತ ಕೇಳಿಸುತ್ತಿತ್ತು, ಆಮೇಲೆ ಚಿತ್ರ. ಅಪ್ಪನದ್ದು ಒಂದೇ ಪಲ್ಲವಿ: 'ಪಿಕ್ಚರ್ ಟ್ಯೂಬ್ ಹೋಗುತ್ತೆ ಕಣ್ರೋ.' ಟ್ಯೂಬ್ ಹೋಗಲಿಲ್ಲ. ಕರೆಂಟ್ ಹೋಗುತ್ತಿತ್ತು, ಅದೂ ಕಾಂಟ್ರಾದ ಕೊನೇ ಹಂತಕ್ಕೆ ಸರಿಯಾಗಿ.

ಕ್ಯಾಸೆಟ್ ಮೇಲೆ '9999 ಇನ್ 1' ಎಂದಿತ್ತು. ಮಾರಿದ ಅಂಗಡಿಯವರು ಎಲ್ಲವೂ ಬೇರೆ ಬೇರೆ ಆಟ ಎಂದು ಆಣೆ ಮಾಡಿದ್ದರು. ನಾನೂ ತಮ್ಮನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಕೂತೆವು. ಹತ್ತಿಪ್ಪತ್ತು ಆಟ ಆದ ಮೇಲೆ ಮತ್ತೆ ಅದೇ ಮಾರಿಯೋ, ಶುರುವಾಗುವ ಹಂತ ಮಾತ್ರ ಬೇರೆ. ಸಿಟ್ಟಿಗೆ ಸ್ಕ್ರೂ ಬಿಚ್ಚಿ ನೋಡಿದರೆ ಒಂದು ಅಂಗೈಯಗಲದ ಹಸಿರು ಹಲಗೆ, ನಡುವೆ ಬೆಲ್ಲದ ಪಾಕ ಬಿದ್ದು ಗಟ್ಟಿಯಾದಂಥ ಕಪ್ಪು ಉಂಡೆ. ಚಿಪ್ ಮೇಲೆ ಸುರಿದ ಅಂಟು ಅದು. ನಮ್ಮ 9999 ಆಟಗಳೂ ಅದರಡಿಯಲ್ಲಿದ್ದವು.

ಒಂದು ತಮಾಷೆ ಗಮನಿಸಿ. ಇಟ್ಟಿಗೆ ಒಡೆದು ಹದ್ದನ್ನು ಕಾಯುವ ಟ್ಯಾಂಕ್ ಆಟ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ನಾಮ್ಕೋ ಕಂಪನಿಯ 'ಬ್ಯಾಟಲ್ ಸಿಟಿ', 1985ರದ್ದು. ಅಮೆರಿಕದ ಎನ್‌ಇಎಸ್‌ಗೆ ಅದು ಬರಲೇ ಇಲ್ಲ. ಗೇಮಿಂಗ್ ಚರಿತ್ರೆಯನ್ನು ಅಮೆರಿಕದವರ ನೆನಪಿನಿಂದ ಬರೆದರೆ ನಮ್ಮ ಟ್ಯಾಂಕ್ ಆಟ ಬಿಟ್ಟುಹೋಗುತ್ತದೆ. ಮಾರಾಟದ ಅಂಕಿಯಲ್ಲೂ ಅಷ್ಟೇ. ನಿಂಟೆಂಡೊ ಲೆಕ್ಕದಲ್ಲಿ ಫ್ಯಾಮಿಕಾಮ್, ಎನ್‌ಇಎಸ್ ಸೇರಿ 6 ಕೋಟಿ 19 ಲಕ್ಷ. ನಮ್ಮ ಮನೆಯದ್ದು ಅದರಲ್ಲಿಲ್ಲ, ನಿಮ್ಮ ಮನೆಯದ್ದೂ ಬಹುಶಃ ಇಲ್ಲ.

ಕ್ಯಾಸೆಟ್‌ಗೆ ಊದಿದರೆ ಸರಿಹೋಗುತ್ತಿತ್ತಲ್ಲ, ಯಾಕೆ?

ಊದಿದ್ದರಿಂದ ಅಲ್ಲ. ತೆಗೆದು ಮತ್ತೆ ಚುಚ್ಚುವಾಗ ಪಿನ್‌ಗಳು ಸರಿಯಾಗಿ ಕೂರುತ್ತಿದ್ದವು. ಉಸಿರಿನ ತೇವ ಉಲ್ಟಾ ಪಿನ್‌ಗೆ ಕಿಲುಬು ಹಿಡಿಸುತ್ತದೆ. ಊದಬೇಡಿ ಎಂದು ನಿಂಟೆಂಡೊನೇ ಹೇಳಿತ್ತು. ಆದರೂ ಜಪಾನಿನಿಂದ ತಿಪಟೂರಿನವರೆಗೆ ಮಕ್ಕಳೆಲ್ಲ ಯಾರೂ ಹೇಳಿಕೊಡದೆ ಊದಿದರು.

ಬಾತುಕೋಳಿ ಹೊಡೆಯುವ ಗನ್ ಹೇಗೆ ಕೆಲಸ ಮಾಡುತ್ತಿತ್ತು?

ಗನ್‌ನಿಂದ ಏನೋ ಹೊರಗೆ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಉಲ್ಟಾ. ಗನ್ ಬರೀ ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಗನ್‌ನ ತುದಿಯಲ್ಲಿರುವ ಬೆಳಕಿನ ಸೆನ್ಸರ್‌ಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಎರಡು ಹಕ್ಕಿ ಇದ್ದರೆ ಒಂದಾದ ಮೇಲೊಂದು ಚೌಕ. ಎಷ್ಟನೇ ಚೌಕಕ್ಕೆ ಬೆಳಕು ಕಂಡಿತೋ ಆ ಹಕ್ಕಿ ಬಿತ್ತು. ಹೊಡೆದಾಗೆಲ್ಲ ಪರದೆ ಪಕ್ಕನೆ ಮಿಂಚುತ್ತಿದ್ದದ್ದು ಇದಕ್ಕೇ. ಗುರಿ ತಪ್ಪಿದಾಗ ನಗುವ ನಾಯಿಗೆ ಹೊಡೆದರೆ ಯಾಕೆ ಬೀಳುತ್ತಿರಲಿಲ್ಲ ಅಂದರೆ, ಅದಕ್ಕೆ ಬಿಳಿ ಚೌಕ ಇಟ್ಟಿರಲೇ ಇಲ್ಲ.

ಗೇಮ್ ಬಾಯ್‌ನ ಮರೆತಿರಾ?

ಮರೆಯೋಕಾಗುತ್ತಾ! ಕೈಯಲ್ಲೇ ಹಿಡಿದು ಆಡುವ, 1989ರ ಗೇಮ್ ಬಾಯ್ ಕೂಡ ಯೊಕೊಯಿ ಅವರದ್ದೇ. ಎದುರಾಳಿಗಳಾದ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗಿಯರ್ ಎರಡಕ್ಕೂ ಬಣ್ಣದ ಪರದೆ, ಹಿಂದೆ ದೀಪ. ಗೇಮ್ ಬಾಯ್‌ಗೆ ಹಸಿರು ಮಿಶ್ರಿತ ಪರದೆ, ದೀಪವಿಲ್ಲ. ಆದರೆ ಬೆಲೆ ಕಡಿಮೆ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಹತ್ತಾರು ಗಂಟೆ. ಗೇಮ್ ಗಿಯರ್ ಆರು ಸೆಲ್ ತಿಂದು ಕೆಲವೇ ಗಂಟೆಗೆ ಮಲಗುತ್ತಿತ್ತು. ಹಳೇದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸು ಎಂಬುದು ಯೊಕೊಯಿ ನಂಬಿಕೆ. ಜೊತೆಗೆ ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ 'ಟೆಟ್ರಿಸ್' ಆಟ ಸಿಕ್ಕಿತು. ಗೇಮ್ ಬಾಯ್ ಕಲರ್ ಸೇರಿ 11 ಕೋಟಿ 86 ಲಕ್ಷ ಮಾರಾಟ.

ನಮ್ಮೂರಿನ ಜಾತ್ರೆಗಳಿಗೆ ಗೇಮ್ ಬಾಯ್ ಬರಲಿಲ್ಲ. 'ಬ್ರಿಕ್ ಗೇಮ್' ಬಂತು. ಅದೇ ಟೆಟ್ರಿಸ್, ಗೇಮ್ ಬಾಯ್‌ನ ಬಡ ದಾಯಾದಿಯಂಥ ರೂಪ. ಅದರ ಮೇಲೂ 9999 ಎಂದು ಬರೆದಿರುತ್ತಿತ್ತು, ಆ ಅಂಕಿಯ ಮೇಲೆ ಅದೇನು ಪ್ರೀತಿಯೋ.

ಸೆಗಾ ಏನೂ ಮಾಡಲಿಲ್ವಾ?

ಮಾಡಿತು. ಮೆಗಾ ಡ್ರೈವ್ ಎಂಬ ಕನ್ಸೋಲ್, 1991ರಲ್ಲಿ ಸೋನಿಕ್ ಎಂಬ ಆಟ, ನಿಂಟೆಂಡೊಗೆ ಬೆವರಿಳಿಸಿದ ಜಾಹೀರಾತುಗಳು. ಆದರೆ ಉಳಿದದ್ದು ಬೇರೆ. 'ಮಾರ್ಟಲ್ ಕಾಂಬ್ಯಾಟ್' ಆಟದಲ್ಲಿ ನಿಂಟೆಂಡೊ ರಕ್ತದ ಬದಲು ಬೂದು ಬೆವರು ತೋರಿಸಿತು, ಸೆಗಾದಲ್ಲಿ ಗುಟ್ಟಿನ ಗುಂಡಿಗಳನ್ನು ಒತ್ತಿದರೆ ರಕ್ತ ಬರುತ್ತಿತ್ತು. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದು, ಮರುವರ್ಷ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಹುಟ್ಟಿತು. ಸೆಗಾ 2001ರಲ್ಲಿ ಕನ್ಸೋಲ್ ಮಾಡುವುದನ್ನು ಬಿಟ್ಟಿತು.

ಪ್ಲೇಸ್ಟೇಷನ್ ಎರಡನೇ ಸ್ಥಾನಕ್ಕಾದರೂ ಬರುತ್ತಾ?

ಬರುತ್ತೆ, ಮೊದಲ ಪ್ಲೇಸ್ಟೇಷನ್. ಅದು ಹುಟ್ಟಿದ್ದೇ ಮುರಿದ ಮದುವೆಯಿಂದ. ನಿಂಟೆಂಡೊಗಾಗಿ ಸಿಡಿ ಇರುವ ಯಂತ್ರವನ್ನು ಸೋನಿ ಮಾಡುತ್ತಿತ್ತು. 1991ರಲ್ಲಿ ಶಿಕಾಗೋದ ಮೇಳದಲ್ಲಿ ಸೋನಿ ಅದನ್ನು ಘೋಷಿಸಿದ ಮರುದಿನವೇ ನಿಂಟೆಂಡೊ ಹೋಗಿ ಫಿಲಿಪ್ಸ್ ಕೈ ಹಿಡಿಯಿತು. ಸೋನಿಯ ಕೆನ್ ಕುತರಾಗಿ ಹಟ ಹಿಡಿದು 1994ರ ಡಿಸೆಂಬರ್‌ಗೆ ಸ್ವಂತ ಕನ್ಸೋಲ್ ತಂದರು. ಮುರಿದ ಮದುವೆಯ ಕಾಲದ ಒಂದು ಮಾದರಿ 2020ರ ಹರಾಜಿನಲ್ಲಿ 3,60,000 ಡಾಲರ್‌ಗೆ ಹೋಯಿತು.

ಅದರ ಪ್ರಭಾವ ಸಿಡಿಯಲ್ಲಿದೆ. ಕ್ಯಾಸೆಟ್ ಮಾಡಿಸಲು ದುಡ್ಡು ಜಾಸ್ತಿ, ತಿಂಗಳುಗಟ್ಟಲೆ ಮೊದಲೇ ಹೇಳಬೇಕು. ಸಿಡಿ ಅಗ್ಗ, ಜಾಗ 650 ಎಂಬಿ ಆಸುಪಾಸು. ಸಣ್ಣ ಕಂಪನಿಗಳೂ ಧೈರ್ಯ ಮಾಡಿದವು. ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಕಂಪನಿ 1997ರಲ್ಲಿ 'ಫೈನಲ್ ಫ್ಯಾಂಟಸಿ 7' ಅನ್ನು ಮೂರು ಸಿಡಿಯಲ್ಲಿ ಸೋನಿಗೆ ಕೊಟ್ಟಿತು.

1995ರ ಮೇನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೆಗಾದವರು ತಮ್ಮ ಹೊಸ ಕನ್ಸೋಲ್ ಸ್ಯಾಟರ್ನ್ ಬೆಲೆ 399 ಡಾಲರ್ ಎಂದರು. ಆಮೇಲೆ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿ '299' ಎಂದಷ್ಟೇ ಹೇಳಿ ಇಳಿದರು. ಅಷ್ಟು ಚಿಕ್ಕ ಭಾಷಣ ನಮ್ಮ ಸಭೆಗಳಲ್ಲೂ ಬಂದರೆ ಚೆನ್ನಾಗಿತ್ತು.

ನಿಂಟೆಂಡೊ 64, ಎಕ್ಸ್‌ಬಾಕ್ಸ್, ವೀ? ಇವೆಲ್ಲ ಎಲ್ಲಿ?

64 ಸೋತ ಯಂತ್ರ, ಗೆದ್ದ ಉಪಾಯ. ಕಂಟ್ರೋಲರ್ ನಡುವಿನ ಪುಟ್ಟ ಕೋಲು ಸ್ವಲ್ಪ ತಳ್ಳಿದರೆ ಮಾರಿಯೋ ನಡೆಯುತ್ತಾನೆ, ಪೂರ್ತಿ ತಳ್ಳಿದರೆ ಓಡುತ್ತಾನೆ. ಮರುವರ್ಷವೇ ಸೋನಿ ಎರಡು ಕೋಲು ಹಾಕಿತು.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 2001ರಲ್ಲಿ ಹಾರ್ಡ್ ಡಿಸ್ಕ್, ಇಂಟರ್ನೆಟ್ ಕಿಂಡಿ ಎರಡನ್ನೂ ಒಳಗೇ ಇಟ್ಟುಕೊಂಡು ಬಂತು, ಮರುವರ್ಷ ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡಿಸುವ ಎಕ್ಸ್‌ಬಾಕ್ಸ್ ಲೈವ್. ಮನೆಯಲ್ಲಿ ಕೂತು ಗೊತ್ತಿಲ್ಲದವರಿಂದ ಬೈಸಿಕೊಳ್ಳುವ ಭಾಗ್ಯ ಅಲ್ಲಿಂದ. ಸೆಗಾದ ಡ್ರೀಮ್‌ಕಾಸ್ಟ್ ಅದಕ್ಕೂ ಮೊದಲೇ ಮೋಡೆಮ್ ಇಟ್ಟಿತ್ತು ಎಂದು ಯಾರಾದರೂ ಕಾಮೆಂಟ್ ಮಾಡುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಚಿಲ್ಲರೆ ಕಾಸಿಗೆ ಆಟದ ತುಣುಕು ಮಾರುವುದೂ ಎಕ್ಸ್‌ಬಾಕ್ಸ್ 360 ಕಾಲಕ್ಕೆ ಬೆಳೆದದ್ದು. 2006ರಲ್ಲಿ 'ಆಬ್ಲಿವಿಯನ್' ಆಟದ ಕುದುರೆಗೆ ಕವಚ ಎಂದು ಎರಡೂವರೆ ಡಾಲರ್ ಕೇಳಿದಾಗ ಜನ ನಕ್ಕರು. ಈಗ ನಗುವವರಿಲ್ಲ.

ಕೈ ಬೀಸಿ ಆಡುವ ನಿಂಟೆಂಡೊ ಕನ್ಸೋಲ್ ವೀ ಬಗ್ಗೆ ನನಗೇ ಗೊಂದಲ. 10 ಕೋಟಿ ಹೋಯಿತು, ಅಜ್ಜಿಯರೂ ಕೈ ಬೀಸಿ ಬೌಲಿಂಗ್ ಆಡಿದರು. ಸೋನಿ, ಮೈಕ್ರೋಸಾಫ್ಟ್ ಎರಡೂ 2010ರಲ್ಲಿ ನಕಲು ತಂದವು. ನನ್ನ ಅಳತೆಯಂತೆ ಪೂರ್ತಿ ಅಂಕ ಸಿಗಬೇಕು. ಆದರೆ ಕೆಲವೇ ವರ್ಷದಲ್ಲಿ ಎಲ್ಲರೂ ಮತ್ತೆ ಸೋಫಾಗೆ ಮರಳಿದರು. ಕೈ ಬೀಸುವ ಆಟ ಈಗ ಉಳಿದಿರುವುದು ಹೆಚ್ಚಾಗಿ ವಿಆರ್ ಕನ್ನಡಕದವರ ಬಳಿ.

ಈ ಕತೆಯಲ್ಲಿ ಕರ್ನಾಟಕಕ್ಕೆ ಏನಾದರೂ ಪಾತ್ರ ಇದೆಯಾ?

ಕನ್ಸೋಲ್ ಮಾಡಿದ್ದರಲ್ಲಿ ಇಲ್ಲ, ಆಟ ಮಾಡಿದ್ದರಲ್ಲಿ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದರು, ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಅದೂ ಒಂದು. ಎಕ್ಸ್‌ಬಾಕ್ಸ್‌ನ 'ಫೋರ್ಝಾ' ಕಾರುಗಳ ಆಟಕ್ಕೆ ಅವರ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಗೇಮ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ತಂಡಕ್ಕೆ ಸೇರಿಸಿತು.

ಅಟ್ಟದ ಮೇಲೆ ಹಳೇ ಟಿವಿ ಗೇಮ್ ಸಿಕ್ಕಿದೆ. ಈಗಿನ ಟಿವಿಗೆ ಹಾಕಬಹುದಾ?

ಹಳದಿ, ಬಿಳಿ ಪಿನ್‌ನ ಎವಿ ತೂತು ಟಿವಿಯಲ್ಲಿದ್ದರೆ ನೇರ ಹಾಕಿ. ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಹಳೇ ಅಡಾಪ್ಟರ್ ಮಾತ್ರ ಬಳಸಬೇಡಿ. ಸೆಟ್‌ನ ಬೆನ್ನ ಮೇಲೆ ಬರೆದಿರುವ ವೋಲ್ಟ್, ಪ್ಲಸ್ ಮೈನಸ್ ಗುರುತು ನೋಡಿ ಹೊಸದು ತನ್ನಿ. ಕ್ಯಾಸೆಟ್ ಪಿನ್ ಒರೆಸಲು ಹತ್ತಿಗೆ ಸ್ವಲ್ಪ ಐಸೋಪ್ರೊಪೈಲ್ ಸ್ಪಿರಿಟ್ ಸಾಕು, ಊದಬೇಡಿ. ಟ್ಯಾಂಕ್ ಆಟ, ಕಾಂಟ್ರಾ ಎಲ್ಲ ನಡೆಯುತ್ತದೆ. ಗನ್ ನಡೆಯೋಲ್ಲ. ಅದರ ಲೆಕ್ಕವೆಲ್ಲ ಹಳೇ ಪಿಕ್ಚರ್ ಟ್ಯೂಬ್ ಬೆಳಗುವ ವೇಗಕ್ಕೆ ಕಟ್ಟಿದ್ದು. ಎಲ್‌ಇಡಿ ಪರದೆ ಆ ಬಿಳಿ ಚೌಕವನ್ನು ಒಂದು ಚೂರು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಬಾತುಕೋಳಿ ಹಾರಿಹೋಗಿ ನಾಯಿ ನಗಲು ಎದ್ದಿರುತ್ತದೆ.